ಜೀಪು ಹೂತ ಮೇಲೆ ವಿಂಚಿನ ಬೆಲೆ

ಪುಷ್ಯ ಮಳೆ ಹಿಡಿದು ಆರನೇ ದಿನ. ಸಕಲೇಶಪುರದ ಕಡೆಯ ನಮ್ಮ ತೋಟದಲ್ಲಿ, ಹಳ್ಳದ ದಂಡೆಯ ಪಂಪ್‌ಹೌಸಿಗೆ ಇಳಿಯುವ ದಾರಿಯಲ್ಲಿ ಒಂದು ತಗ್ಗಿದೆ. ಬೇಸಿಗೆಯಲ್ಲಿ ಅಲ್ಲಿ ಸೈಕಲ್ಲೂ ದಾಟುತ್ತದೆ. ಅವತ್ತು ಜೀಪಿನ ಮುಂದಿನ ಎರಡು ಚಕ್ರಗಳು ಹಬ್‌ವರೆಗೆ ಹೂತವು. ಫೋರ್‌ವೀಲ್ ಹಾಕಿ ಲೋ ಗೇರಿಗೆ ತಂದು ಹಿಂದಕ್ಕೆ ತೆಗೆಯಲು ನೋಡಿದರೆ ಹಿಂದಿನ ಚಕ್ರಗಳೂ ಕೆಳಗಿಳಿದವು. ಆದರೂ ನನಗೆ ಗಾಬರಿಯಾಗಲಿಲ್ಲ. ಎರಡು ವರ್ಷದ ಹಿಂದೆ ಹಾಕಿಸಿದ್ದ ವಿಂಚು ಮುಂದಿನ ಬಂಪರಿನಲ್ಲಿ ಕೂತಿತ್ತು. ಹಗ್ಗ ಎಳೆದು ಎದುರಿನ ಹಲಸಿನ ಮರಕ್ಕೆ ಕಟ್ಟಿ, ರಿಮೋಟಿನ ಗುಂಡಿ ಒತ್ತಿದೆ. 'ಟಕ್' ಎಂದಿತು. ಇನ್ನೊಮ್ಮೆ ಒತ್ತಿದಾಗ ಆ ಸದ್ದೂ ಇಲ್ಲ.

ಮುಚ್ಚಳ ಬಿಚ್ಚಿ ನೋಡಿದರೆ, ಮೋಟಾರಿಗೆ ಕರೆಂಟು ಹಾಯಿಸುವ ಸೊಲೆನಾಯ್ಡ್‌ಗಳ ತಾಮ್ರದ ಕಾಲುಗಳೆಲ್ಲ ಕಿಲುಬು ಹಿಡಿದು ಹಸಿರಾಗಿದ್ದವು. ನೀರು ಒಳಗೆ ಹೋಗಿತ್ತು. ಎಷ್ಟೋ ತಿಂಗಳಿಂದ ಹೋಗುತ್ತಲೇ ಇದ್ದಿರಬೇಕು. ಕೊನೆಗೆ ಜೀಪನ್ನು ಮೇಲೆತ್ತಿದ್ದು ಗುಡ್ಡದಾಚೆಯ ಮರದ ಕೆಲಸದವರ ಟಿರ್ಫರ್ ಎಂಬ ಕೈ ಯಂತ್ರ. ಹೊತ್ತು ತಂದು, ಕಟ್ಟಿ, ಲಿವರ್ ಆಡಿಸಿ ಹೊರಗೆಳೆಯುವಷ್ಟರಲ್ಲಿ ಎರಡೂವರೆ ಗಂಟೆ. ಅವರಲ್ಲಿ ಹಿರಿಯರೊಬ್ಬರು ಕೈ ಒರೆಸಿಕೊಳ್ಳುತ್ತ ಹೇಳಿದ್ದು ಇಷ್ಟು: "ಅಣ್ಣ, ಮಿಷಿನ್ ತಗಂಡ್ರೆ ಆಗಲ್ಲ. ಅದನ್ನ ಮಳೆಗಾಲಕ್ಕೆ ಮುಂಚೆ ಒಂದ್ಸಲ ಎಳೆಸಿ ನೋಡ್ಬೇಕು."

ಅಂದಿನಿಂದ ವಿಂಚಿನ ವಿಷಯವನ್ನು ನಾನು ಬಿಟ್ಟಿಲ್ಲ. ಕಾಫಿ ತೋಟದವರು, ಮಾಂದಲ್‌ಪಟ್ಟಿಗೂ ಕೊಡಚಾದ್ರಿಗೂ ಪ್ರವಾಸಿಗರನ್ನು ಹತ್ತಿಸುವ ಜೀಪಿನವರು, ಶನಿವಾರ ಬಂತೆಂದರೆ ಬೆಂಗಳೂರಿನಿಂದ ಥಾರ್, ಜಿಮ್ನಿ, ಗೂರ್ಖಾ ಹೊಡೆದುಕೊಂಡು ಘಟ್ಟಕ್ಕೆ ಬರುವ ಹುಡುಗರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಕಮ್ಮಿ ಬೆಲೆಗೆ ಒಳ್ಳೆಯ ವಿಂಚು ಯಾವುದು? ನನ್ನ ಉತ್ತರ ಸ್ವಲ್ಪ ಸುತ್ತುಬಳಸಿನದು. ಅಗ್ಗದ ವಿಂಚು ಖಂಡಿತ ಸಿಗುತ್ತದೆ. ಆದರೆ ಜೀಪನ್ನು ಎಳೆಯುವುದು ವಿಂಚೊಂದೇ ಅಲ್ಲ. ಬ್ಯಾಟರಿ, ಕೇಬಲ್, ಬೋಲ್ಟು, ಹಗ್ಗ, ಕೊಂಡಿ, ಮರ ಎಲ್ಲ ಸೇರಿ ಎಳೆಯುತ್ತವೆ. ವಿಂಚಿಗೇ ಎಲ್ಲ ದುಡ್ಡು ಸುರಿದು ಉಳಿದದ್ದರಲ್ಲಿ ಉಳಿಸಲು ಹೋದವರು ದುಬಾರಿ ವಿಂಚನ್ನೂ ದಂಡ ಮಾಡಿಕೊಂಡಿದ್ದಾರೆ. ಹದವಾದ ವಿಂಚು ಕೊಂಡು ಉಳಿದ ಹಣವನ್ನು ಈ ಸಾಲಿಗೆ ಹಂಚಿದವರು ಹತ್ತು ಮಳೆಗಾಲ ಕಳೆದಿದ್ದಾರೆ.

ಎಷ್ಟು ಭಾರ ಎಳೆಯಬೇಕು ಎಂಬಲ್ಲಿಂದ ಶುರು ಮಾಡೋಣ. ಗಟ್ಟಿ ನೆಲದ ಮೇಲೆ ನ್ಯೂಟ್ರಲ್‌ನಲ್ಲಿ ನಿಂತ ಜೀಪನ್ನು ಇಬ್ಬರು ತಳ್ಳಿದರೆ ಚಲಿಸುತ್ತದೆ. ಅದರ ತೂಕದ ಇಪ್ಪತ್ತೈದನೇ ಒಂದು ಪಾಲು ಬಲ ಸಾಕು. ಅದೇ ಜೀಪು ಕೆಸರಿನಲ್ಲಿ ಚಕ್ರದ ಆಳಕ್ಕೆ ಹೂತರೆ ಅದನ್ನು ಕೀಳಲು ಬೇಕಾದ ಬಲ ಜೀಪಿನ ತೂಕದಷ್ಟೇ ಎಂದು ಸೈನ್ಯದವರ ರಿಕವರಿ ಕೈಪಿಡಿಗಳು ಲೆಕ್ಕ ಹಿಡಿಯುತ್ತವೆ. ಮಡ್‌ಗಾರ್ಡ್‌ವರೆಗೆ ಹೂತರೆ ತೂಕದ ಎರಡು ಪಟ್ಟು, ಕ್ಯಾಬಿನ್ನಿನ ಮಟ್ಟಕ್ಕೆ ಇಳಿದರೆ ಮೂರು ಪಟ್ಟು. ಜೊತೆಗೆ ಏರು. ಹದಿನೈದು ಡಿಗ್ರಿ ಏರಿದ್ದರೆ ತೂಕದ ಕಾಲು ಭಾಗ ಇದರ ಮೇಲೆ ಸೇರುತ್ತದೆ. ನಮ್ಮ ಘಟ್ಟದ ಕೆಂಪು ಜೇಡಿ ಮಣ್ಣು ಚಕ್ರವನ್ನು ತಬ್ಬಿ ಹಿಡಿಯುವ ಜಾತಿಯದು. ಹೊರಗೆ ಬರುವಾಗ 'ಪಚಕ್' ಎನ್ನುವುದು ಆ ಹಿಡಿತವೇ.

ಇನ್ನು ವಾಹನದ ತೂಕ. ಮಾರುತಿ ಜಿಮ್ನಿ ಖಾಲಿ ಇದ್ದಾಗ ಸುಮಾರು 1,200 ಕಿಲೋ, ಜನ ಮತ್ತು ಸಾಮಾನು ತುಂಬಿದ ಗರಿಷ್ಠ ತೂಕ 1,545 ಕಿಲೋ. ಹಳೆಯ ಜಿಪ್ಸಿ ಇನ್ನೂ ಹಗುರ, ಖಾಲಿ ಇದ್ದರೆ ಒಂದು ಟನ್ನಿನ ಆಸುಪಾಸು. 2020ರಲ್ಲಿ ಬಂದ ಹೊಸ ಥಾರ್ ಖಾಲಿಯಲ್ಲೇ ಒಂದೂಮುಕ್ಕಾಲು ಟನ್ನಿನ ಹತ್ತಿರ. ನಾಲ್ಕು ಜನ, ಡೀಸೆಲ್, ಸಾಮಾನು, ಕಬ್ಬಿಣದ ಬಂಪರ್ ಸೇರಿದರೆ ಎರಡೂಕಾಲು ಟನ್ ಎಂದು ಹಿಡಿಯಿರಿ. ತುಂಬಿದ ತೂಕದ ಒಂದೂವರೆ ಪಟ್ಟು ಎಳೆಯುವ ವಿಂಚು ಬೇಕು ಎಂಬುದು ಜಗತ್ತಿನಲ್ಲೆಲ್ಲ ನಡೆದು ಬಂದ ಲೆಕ್ಕ. ಹಾಗಾದರೆ ಜಿಮ್ನಿಗೆ ಸುಮಾರು 2,300 ಕಿಲೋ, ಥಾರ್‌ಗೆ ಸುಮಾರು 3,400 ಕಿಲೋ. ವಿಂಚಿನ ವ್ಯಾಪಾರ ನಡೆಯುವುದು ಪೌಂಡಿನಲ್ಲಿ. ಜಿಮ್ನಿಗೆ 5,100 ಪೌಂಡ್, ಥಾರ್‌ಗೆ 7,500 ಪೌಂಡ್ ಎಂದಾಯಿತು. ಅಂಗಡಿಯಲ್ಲಿ ಸಾಲಾಗಿ ಕೂತಿರುವುದು 9,500 ಮತ್ತು 12,000 ಪೌಂಡಿನವು. ಹಾಗಿದ್ದ ಮೇಲೆ 9,500 ಎಂದರೆ ಧಾರಾಳ ಅಲ್ಲವೇ ಎಂದು ಅನ್ನಿಸುತ್ತದೆ.

ಅಲ್ಲೇ ಎಲ್ಲರೂ ಮುಗ್ಗರಿಸುವುದು. ಪೆಟ್ಟಿಗೆಯ ಮೇಲೆ ಬರೆದ 9,500 ಪೌಂಡ್, ಅಂದರೆ 4,300 ಕಿಲೋ, ಡ್ರಮ್ಮಿನ ಮೇಲೆ ಹಗ್ಗ ಬರೀ ಒಂದು ಪದರ ಇದ್ದಾಗಿನ ಮಾತು. ಹಗ್ಗ ಸುತ್ತಿಕೊಂಡು ಡ್ರಮ್ಮು ದಪ್ಪವಾದಂತೆ ಎಳೆಯುವ ಬಲ ಇಳಿಯುತ್ತದೆ. ಬಾವಿಯ ಮೇಲಿನ ತಿರುಗಣಿಯ ಮರವನ್ನು ನೆನೆಸಿಕೊಳ್ಳಿ. ದಿಮ್ಮಿ ದಪ್ಪವಿದ್ದರೆ ಒಂದು ಸುತ್ತಿಗೆ ಹೆಚ್ಚು ಹಗ್ಗ ಬರುತ್ತದೆ, ಕೈಗೆ ಭಾರವೂ ಹೆಚ್ಚಾಗುತ್ತದೆ. ಇಲ್ಲೂ ಅದೇ. ಮೋಟಾರಿನ ತಿರುಚುಬಲ ಇದ್ದಷ್ಟೇ ಇರುತ್ತದೆ, ಡ್ರಮ್ಮಿನ ದಪ್ಪ ಮಾತ್ರ ಬೆಳೆಯುತ್ತದೆ. 9,500 ಪೌಂಡಿನ ವಿಂಚು ಎರಡನೇ ಪದರದಲ್ಲಿ ಸುಮಾರು 3,500 ಕಿಲೋ ಎಳೆಯುತ್ತದೆ, ಮೂರರಲ್ಲಿ 3,000ಕ್ಕಿಂತ ತುಸು ಕಡಿಮೆ, ನಾಲ್ಕನೇ ಪದರದಲ್ಲಿ 2,500ರ ಹತ್ತಿರ. ಮರ ಆರು ಮೀಟರ್ ದೂರದಲ್ಲಿದೆ, ಡ್ರಮ್ಮಿನಲ್ಲಿ ಇನ್ನೂ ಇಪ್ಪತ್ತು ಮೀಟರ್ ಹಗ್ಗ ಸುತ್ತಿಕೊಂಡೇ ಇದೆ ಎಂದಿಟ್ಟುಕೊಳ್ಳಿ. ಆಗ ನಿಮಗೆ ಸಿಗುವುದು ಪೆಟ್ಟಿಗೆಯ ಮೇಲಿನ ಸಂಖ್ಯೆಯ ಅರುವತ್ತು ಪರ್ಸೆಂಟ್. ಚಕ್ರದ ಆಳಕ್ಕೆ ಹೂತ, ಹದಿನೈದು ಡಿಗ್ರಿ ಏರಿನಲ್ಲಿರುವ, ತುಂಬಿದ ಥಾರ್ ಕೇಳುವುದು 2,800 ಕಿಲೋ. ವಿಂಚು ಅಲ್ಲಿ ನರಳಿ ನಿಲ್ಲುತ್ತದೆ.

ಹಾಗಾದರೆ 12,000 ಪೌಂಡಿನದನ್ನೇ ಕೊಳ್ಳೋಣವೇ? ನನ್ನ ಮಟ್ಟಿಗೆ ಬೇಡ. ಅಗ್ಗದ ದರ್ಜೆಯಲ್ಲಿ ಅನೇಕ 12,000ದ ವಿಂಚುಗಳಿಗೆ 9,500ರ ಮೋಟಾರೇ ಇರುತ್ತದೆ, ಗೇರಿನ ಅನುಪಾತ ಮಾತ್ರ ಬೇರೆ. ಬಲ ಬಂದಷ್ಟೂ ವೇಗ ಹೋಗುತ್ತದೆ, ಮುಂದಿನ ಸ್ಪ್ರಿಂಗಿನ ಮೇಲೆ ಭಾರವೂ ಏರುತ್ತದೆ. ಇದಕ್ಕಿಂತ ನಿಜವಾಗಿ ಬಲ ಕೊಡುವುದು, ಖರ್ಚಿನಲ್ಲಿ ಹತ್ತನೇ ಒಂದು ಪಾಲೂ ಬೀಳದ ಒಂದು ವಸ್ತು: ಪಕ್ಕ ತೆರೆಯುವ ಕಬ್ಬಿಣದ ರಾಟೆ, ಸ್ನ್ಯಾಚ್ ಬ್ಲಾಕ್. ಹಗ್ಗವನ್ನು ಮರದ ಬಳಿ ರಾಟೆಗೆ ಹಾಯಿಸಿ ಮರಳಿ ತಂದು ಜೀಪಿನದೇ ಗಟ್ಟಿ ಕೊಂಡಿಗೆ ಸಿಕ್ಕಿಸಿದರೆ ಎಳೆತ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಹಗ್ಗ ಎರಡರಷ್ಟು ಹೊರಗೆ ಬರುವುದರಿಂದ ಡ್ರಮ್ಮಿನ ಪದರವೂ ಇಳಿಯುತ್ತದೆ, ಅಂದರೆ ಲಾಭ ಎರಡು ಕಡೆಯಿಂದ. ವೇಗ ಅರ್ಧವಾಗುತ್ತದೆ, ಆಗಲಿ. ಕೆಸರಿನಲ್ಲಿ ಅವಸರಕ್ಕೆ ಬೆಲೆಯಿಲ್ಲ. ಆದರೆ ಒಂದು ಎಚ್ಚರ ಬೇಕು. ಹಗ್ಗದಲ್ಲಿ ಎರಡು ಟನ್ ಇದ್ದರೆ ರಾಟೆಯ ಮೇಲೆ, ಅದನ್ನು ಹಿಡಿದ ಕೊಂಡಿಯ ಮೇಲೆ, ಮರದ ಮೇಲೆ ನಾಲ್ಕು ಟನ್ ಬೀಳುತ್ತದೆ. ಗುಜರಿಯಿಂದ ತಂದ ರಾಟೆ ಇದಕ್ಕೆ ಆಗುವುದಿಲ್ಲ.

ಈ ಪೌಂಡುಗಳ ಭಾಷೆ ನಮಗೆ ಬಂದದ್ದು ಅಮೆರಿಕದಿಂದ. ಎರಡನೇ ಮಹಾಯುದ್ಧ ಮುಗಿದು ಸೈನ್ಯದ ವಿಲ್ಲಿಸ್ ಜೀಪುಗಳು ರೈತರ ಕೈಗೆ ಅಗ್ಗಕ್ಕೆ ಬಂದಾಗ, ಸಿಯಾಟಲ್ ಹತ್ತಿರ ಆರ್ಥರ್ ವಾರ್ನ್ ಎಂಬಾತ 1948ರಲ್ಲಿ ಅವುಗಳಿಗೆ ಲಾಕಿಂಗ್ ಹಬ್ ಮಾಡಲು ಶುರುಮಾಡಿದರು. ಅದೇ ವಾರ್ನ್ ಕಂಪನಿ 1959ರಲ್ಲಿ ಬ್ಯಾಟರಿಯಿಂದ ನಡೆಯುವ ವಿಂಚನ್ನು ಸಾಮಾನ್ಯ ಬಳಕೆಗೆ ತಂದಿತು. ಅವರ 8274 ಎಂಬ ಮಾದರಿಯ ಹೆಸರಿನಲ್ಲೇ ಅದರ ಜಾತಕವಿದೆ: 8,000 ಪೌಂಡ್, 1974ನೇ ಇಸವಿ. ಅದರ ಹಳೆಯ ಪ್ರತಿಗಳು ಈಗಲೂ ಎಳೆಯುತ್ತಿವೆ. ಗಮನಿಸಬೇಕಾದ್ದು ಆ 8,000ವನ್ನು. ಅರ್ಧ ಶತಮಾನದ ಹಿಂದೆ ಅಷ್ಟರಲ್ಲೇ ಕಾಡುಮೇಡು ಅಲೆದವರಿದ್ದಾರೆ. ಸಂಖ್ಯೆ ದೊಡ್ಡದಾಗುತ್ತ ಹೋದದ್ದು ಮಾರುಕಟ್ಟೆಯ ಪೈಪೋಟಿಯಿಂದ.

ಸಂಖ್ಯೆಯಲ್ಲೂ ಮೋಸವಿದೆ. ದೋಣಿಯನ್ನು ಗಾಡಿಗೆ ಹತ್ತಿಸಲು, ನಾಲ್ಕು ಚಕ್ರದ ಸಣ್ಣ ಎಟಿವಿ ಬಂಡಿಗಳಿಗೆ ಮಾಡಿದ ಪುಟ್ಟ ವಿಂಚುಗಳ ಮೇಲೆ ಕೆಲವರು ಉರುಳುವ ಭಾರವನ್ನು ಬರೆಯುತ್ತಾರೆ. ಚಕ್ರದ ಮೇಲೆ ಸಲೀಸಾಗಿ ಉರುಳುವ ಗಾಡಿಯನ್ನು ಎಳೆಯುವ ಲೆಕ್ಕ ಅದು. ಹೂತ ಜೀಪಿನ ಮುಂದೆ ಆ ಸಂಖ್ಯೆಗೆ ಅರ್ಥವಿಲ್ಲ. ಕಟ್ಟಡದ ಕೆಲಸಕ್ಕೆ ಇಟ್ಟಿಗೆ ಮೇಲೆತ್ತುವ ಹಾಯ್ಸ್ಟ್ ಬೇರೆಯೇ ಯಂತ್ರ, ಅದನ್ನು ಜೀಪಿಗೆ ಕಟ್ಟುವ ಯೋಚನೆಯೇ ಬೇಡ. ವಿಂಚಿನ ಸಾಮರ್ಥ್ಯ ಹೇಗೆ ಅಳೆಯಬೇಕೆಂಬುದಕ್ಕೆ ಎಸ್‌ಎಇ ಜೆ706 ಎಂಬ ಮಾನದಂಡವಿದೆ. ಕೈಪಿಡಿಯಲ್ಲಿ ಪದರದಿಂದ ಪದರಕ್ಕೆ ಎಳೆತ ಎಷ್ಟು, ಯಾವ ಭಾರಕ್ಕೆ ಎಷ್ಟು ಆಂಪಿಯರ್, ನಿಮಿಷಕ್ಕೆ ಎಷ್ಟು ಮೀಟರ್ ಎಂಬ ಪಟ್ಟಿ ಇದ್ದರೆ ಆ ತಯಾರಕನನ್ನು ಮಾತಾಡಿಸಬಹುದು. ಪಟ್ಟಿಯೇ ಇಲ್ಲದೆ ದೊಡ್ಡ ಸಂಖ್ಯೆಯೊಂದೇ ಇದ್ದರೆ ಅಂಗಡಿಯಿಂದ ಇಳಿದು ಬನ್ನಿ.

ಆಂಪಿಯರಿನ ಮಾತು ಬಂದದ್ದರಿಂದ ಬ್ಯಾಟರಿಯ ಕಡೆ ಹೋಗೋಣ. ನಾನು ಕಂಡ 'ಕೆಟ್ಟ ವಿಂಚು'ಗಳಲ್ಲಿ ಹೆಚ್ಚಿನವುಗಳಲ್ಲಿ ವಿಂಚು ಕೆಟ್ಟಿರಲಿಲ್ಲ, ಅದಕ್ಕೆ ಊಟ ಸಿಗುತ್ತಿರಲಿಲ್ಲ. 9,500 ಪೌಂಡಿನ ವಿಂಚು ಪೂರ್ತಿ ಭಾರದಲ್ಲಿ 400 ಆಂಪಿಯರಿನ ಆಸುಪಾಸು ಹೀರುತ್ತದೆ. ಜೀಪಿನ ಆಲ್ಟರ್ನೇಟರ್ ಕೊಡುವುದು ಸುಮಾರಾಗಿ ಅದರ ಕಾಲು ಪಾಲು. ಉಳಿದದ್ದು ಬ್ಯಾಟರಿಯಿಂದಲೇ ಬರಬೇಕು. ಅಷ್ಟು ಭಾರದಲ್ಲಿ ಹಗ್ಗ ನಿಮಿಷಕ್ಕೆ ಒಂದೂವರೆ ಮೀಟರಿಗಿಂತ ಹೆಚ್ಚು ಬರುವುದಿಲ್ಲ. ಆರು ಮೀಟರ್ ಎಳೆಯಲು ನಾಲ್ಕೈದು ನಿಮಿಷ ಬೇಕೆಂದರೆ ಒಟ್ಟು ಮೂವತ್ತು ಆಂಪಿಯರ್-ಅವರ್ ಬೇಕು, ಹೆಚ್ಚಿನದು ಬ್ಯಾಟರಿಯಿಂದಲೇ. 60–70 ಆಂಪಿಯರ್-ಅವರಿನ ಹಳೆಯ ಬ್ಯಾಟರಿ ಅಷ್ಟರಲ್ಲಿ ಸುಸ್ತಾಗಿ, ವೋಲ್ಟೇಜ್ ಬಿದ್ದು, ಮೋಟಾರು ಕಾದು, ಸೊಲೆನಾಯ್ಡಿನ ಸಂಪರ್ಕಗಳು ಬೆಸೆದುಕೊಳ್ಳುತ್ತವೆ. ಕಾಡಿನಲ್ಲಿ ಜೀಪು ಹೊರಗೆ ಬಂದರೂ ಸ್ಟಾರ್ಟ್ ಆಗದ ಸ್ಥಿತಿ ಬರುತ್ತದೆ. ಆದ್ದರಿಂದ ಇಂಜಿನ್ ನಡೆಯುತ್ತಲೇ ಇರಬೇಕು, ಐಡಲ್‌ಗಿಂತ ತುಸು ಮೇಲೆ. ಮೂವತ್ತು ಸೆಕೆಂಡ್, ಹೆಚ್ಚೆಂದರೆ ಒಂದು ನಿಮಿಷ ಎಳೆದು ನಿಲ್ಲಿಸಿ. ಮೋಟಾರಿನ ತುದಿ ಮುಟ್ಟಿ ನೋಡಿ, ಕೈ ಇಡಲಾಗದಷ್ಟು ಸುಟ್ಟರೆ ಆರಲು ಬಿಡಿ. ವಿಂಚು ಕೊಳ್ಳುವ ಮುಂಚೆ ಬ್ಯಾಟರಿಯ ವಯಸ್ಸು ನೋಡಿ. ಮೂರು ವರ್ಷ ದಾಟಿದ್ದರೆ ಅದರ ಬದಲಾವಣೆಯನ್ನೂ ವಿಂಚಿನ ಖರ್ಚಿಗೇ ಸೇರಿಸಿ.

ಮೋಟಾರಿನಲ್ಲಿ ಎರಡು ಜಾತಿ. ಶಾಶ್ವತ ಆಯಸ್ಕಾಂತದ ಮೋಟಾರು ಕರೆಂಟು ಕಡಿಮೆ ಹೀರುತ್ತದೆ, ಅಗ್ಗವೂ ಹೌದು, ಆದರೆ ಬೇಗ ಕಾಯುತ್ತದೆ, ಕಾದಾಗ ಬಲ ಇಳಿಯುತ್ತದೆ. ಸೀರೀಸ್ ವೌಂಡ್ ಎಂದು ಕರೆಯುವ, ತಾಮ್ರದ ಸುರುಳಿಯ ಮೋಟಾರು ಕರೆಂಟು ಹೆಚ್ಚು ಕುಡಿದರೂ ಭಾರದಲ್ಲಿ ದಮ್ಮು ಬಿಡುವುದಿಲ್ಲ. ನಮ್ಮ ಕೆಸರಿಗೆ ಎರಡನೆಯದೇ ಸರಿ. ವಿಂಚಿನ ಜೊತೆ ಬರುವ ಕೇಬಲ್ಲನ್ನೂ ಒಮ್ಮೆ ಕೆರೆದು ನೋಡಿ. ಮೇಲೆ ತಾಮ್ರದ ಬಣ್ಣ, ಒಳಗೆ ಬಿಳಿಯ ಅಲ್ಯೂಮಿನಿಯಂ ಕಂಡರೆ ಅದನ್ನು ಕಿತ್ತು, ವೆಲ್ಡಿಂಗ್ ಯಂತ್ರಕ್ಕೆ ಹಾಕುವ ದಪ್ಪ ತಾಮ್ರದ ಕೇಬಲ್ ಹಾಕಿಸಿ. ಬ್ಯಾಟರಿಯ ಪಕ್ಕದಲ್ಲೇ ಒಂದು ಐಸೊಲೇಟರ್ ಸ್ವಿಚ್ ಬೇಕೇ ಬೇಕು. ಸೊಲೆನಾಯ್ಡ್ ಅಂಟಿಕೊಂಡು ಗುಂಡಿ ಬಿಟ್ಟರೂ ವಿಂಚು ಎಳೆಯುತ್ತಲೇ ಹೋದಾಗ ಕರೆಂಟು ಕಡಿಯಲು ಇರುವ ದಾರಿ ಅದೊಂದೇ. ಬೆರಳು ಹೋಗುವುದು ಅಂಥ ಒಂದೆರಡು ಸೆಕೆಂಡಿನಲ್ಲೇ.

ನನ್ನ ವಿಂಚು ಕೈಕೊಟ್ಟದ್ದೂ ಈ ಸೊಲೆನಾಯ್ಡಿನಿಂದಲೇ. ಅಗ್ಗದ ವಿಂಚುಗಳಲ್ಲಿ ಗೇರು ಮುರಿಯುವುದು ಅಪರೂಪ. ಗ್ರಹಗಳಂತೆ ಸುತ್ತುವ ಪ್ಲಾನೆಟರಿ ಗೇರಿನ ವಿನ್ಯಾಸ ಹಳೆಯದು, ಎಲ್ಲರಿಗೂ ಕರಗತವಾದದ್ದು. ಕೆಡುವುದು ನೀರು ಹೊಕ್ಕುವ ಜಾಗದಲ್ಲಿ. ನೀರು ತಡೆಯುವುದನ್ನು ಸೂಚಿಸುವ ಐಪಿ67, ಐಪಿ68 ಎಂಬ ಮುದ್ರೆ ಇದ್ದರೆ ಒಳ್ಳೆಯದು, ಆದರೆ ಅದನ್ನೇ ನಂಬಿ ಕೂರಬೇಡಿ. ನಾಲ್ಕು ಬಿಡಿ ಸೊಲೆನಾಯ್ಡ್‌ಗಳ ಬದಲು ಪೂರ್ತಿ ಮುಚ್ಚಿದ ಒಂದೇ ಕಾಂಟ್ಯಾಕ್ಟರ್ ಇರುವುದನ್ನು ಆರಿಸಿ. ಇಲ್ಲವೇ ಕೊಂಡ ಮೇಲೆ ಅದೊಂದನ್ನು ಬದಲಿಸಿ, ಅದರ ಪೆಟ್ಟಿಗೆಯನ್ನು ಬಂಪರಿನಿಂದ ತೆಗೆದು ಬಾನೆಟ್ಟಿನೊಳಗೆ ಎತ್ತರದಲ್ಲಿ ಕೂರಿಸಿ. ನಾನು ಮಾಡಿದ್ದು ಅದನ್ನೇ. ಅದೇ ಅಗ್ಗದ ವಿಂಚು ಆಮೇಲೆ ನನ್ನ ಕೈಬಿಟ್ಟಿಲ್ಲ. ಇಲ್ಲಿ ಇನ್ನೊಂದು ಅನುಕೂಲವೂ ಇದೆ. ಚೀನಾದ ಒಂದೇ ಕಾರ್ಖಾನೆಯ ವಿಂಚು ಹಲವು ಹೆಸರುಗಳಲ್ಲಿ ಮಾರಾಟವಾಗುವುದರಿಂದ ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುವುದುಂಟು. ಆದ್ದರಿಂದ ಅಂಗಡಿಯಲ್ಲಿ ಗ್ಯಾರಂಟಿ ಎಷ್ಟು ವರ್ಷ ಎಂದು ಕೇಳುವುದಕ್ಕಿಂತ ಮೊದಲು ಬ್ರಷ್, ಕಾಂಟ್ಯಾಕ್ಟರ್, ರಿಮೋಟ್ ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಕೇಳಿದರೂ ಕೆಲಸವಾಗುತ್ತದೆ. ರಿಮೋಟ್ ವೈರ್‌ಲೆಸ್ ಇರಲಿ, ಆದರೆ ತಂತಿಯದೂ ಜೊತೆಗಿರಲಿ.

ಹಗ್ಗದ ಆಯ್ಕೆಯಲ್ಲಿ ನನಗೆ ಎರಡು ಮನಸ್ಸಿತ್ತು, ಈಗಿಲ್ಲ. ಸ್ಟೀಲ್ ರೋಪ್ ಅಗ್ಗ, ಕಲ್ಲಿನ ಮೇಲೆ ಉಜ್ಜಿದರೂ ತಾಳಿಕೊಳ್ಳುತ್ತದೆ, ಬಿಸಿಲಿಗೆ ಹೆದರುವುದಿಲ್ಲ. ಆದರೆ ಭಾರ ಹೆಚ್ಚು. ಎಳೆ ಬಿಟ್ಟ ತಂತಿ ಮುಳ್ಳಿನಂತೆ ಅಂಗೈ ಸೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಭಾರದಲ್ಲಿ ಹಿಗ್ಗಿ ಕೂಡಿಟ್ಟುಕೊಂಡ ಶಕ್ತಿಯನ್ನು ತುಂಡಾದಾಗ ಚಾಟಿಯಂತೆ ಬೀಸುತ್ತದೆ. ಆ ದಾರಿಯಲ್ಲಿ ಕಾಲಿದ್ದರೆ ಕಾಲು, ತಲೆಯಿದ್ದರೆ ತಲೆ. ಡೈನೀಮಾ ಜಾತಿಯ ಪಾಲಿಎಥಿಲೀನ್ ನಾರಿನ ಸಿಂಥೆಟಿಕ್ ಹಗ್ಗ ಅದೇ ದಪ್ಪದ ಸ್ಟೀಲಿಗಿಂತ ಬಲವಾದದ್ದು, ತೂಕ ಎರಡು-ಮೂರು ಕಿಲೋ, ನೀರಿನಲ್ಲಿ ತೇಲುತ್ತದೆ, ತುಂಡಾದರೂ ಅಷ್ಟು ಕ್ರೂರವಾಗಿ ಹಾರುವುದಿಲ್ಲ. ಅದರ ಶತ್ರುಗಳು ಮೂರು: ಬಿಸಿಲು, ಚೂಪು ಕಲ್ಲು, ಎಳೆಗಳ ನಡುವೆ ಹೊಕ್ಕು ಗರಗಸದಂತೆ ಕೊಯ್ಯುವ ಮರಳು. ಜೊತೆಗೆ ಶಾಖ. ಬಹುತೇಕ ಅಗ್ಗದ ವಿಂಚುಗಳ ಬ್ರೇಕು ಡ್ರಮ್ಮಿನೊಳಗೇ ಇರುವುದರಿಂದ ಭಾರದಲ್ಲಿ ಹಗ್ಗ ಬಿಡುತ್ತ ಇಳಿಸಿದರೆ ಡ್ರಮ್ಮು ಕಾದು ನಾರು ಕರಗುತ್ತದೆ. ಇಷ್ಟನ್ನು ತಿಳಿದು ಬಳಸುವುದಾದರೆ ಸಿಂಥೆಟಿಕ್ಕನ್ನೇ ಕೊಳ್ಳಿ, ಹೆಚ್ಚಿನ ದುಡ್ಡು ಕೊಡುವುದಿದ್ದರೆ ಇಲ್ಲೇ ಕೊಡಿ. ಪ್ರತಿ ಸಲ ಬಳಸಿದ ಮೇಲೆ ಪೂರ್ತಿ ಬಿಚ್ಚಿ ಬಕೆಟ್ಟಿನ ನೀರಿನಲ್ಲಿ ಮಣ್ಣು ಬಿಡುವವರೆಗೆ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಹಗ್ಗ ಹೊರಬರುವಲ್ಲಿ ಸ್ಟೀಲಿಗೆ ಉರುಳೆಗಳ ಬಾಯಿ, ಸಿಂಥೆಟಿಕ್ಕಿಗೆ ನುಣುಪಾದ ಅಲ್ಯೂಮಿನಿಯಂ ಬಾಯಿ ಬೇಕು. ಸ್ಟೀಲು ಉಜ್ಜಿ ಗೀರಿದ ಉರುಳೆಯ ಮೇಲೆ ಸಿಂಥೆಟಿಕ್ ಹಗ್ಗ ಹಾಯಿಸಿದರೆ ಒಂದೇ ಮಳೆಗಾಲದಲ್ಲಿ ಹಗ್ಗ ಮುಗಿಯಿತು.

ಯಾವ ಹಗ್ಗವಾದರೂ ಎಳೆಯುವಾಗ ಅದರ ನಡುವೆ ಒಂದು ಒದ್ದೆ ಗೋಣಿಚೀಲ ಹಾಕಿ. ಹಗ್ಗ ಹರಿದರೆ ಅದರ ಭಾರಕ್ಕೆ ಕೆಳಗೆ ಬೀಳುತ್ತದೆ. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದಲ್ಲಿ ಜನ ನಿಲ್ಲಲಿ, ನೋಡಲು ಬಂದ ಮಕ್ಕಳು ಇನ್ನೂ ದೂರ. ಬಿಗಿದ ಹಗ್ಗವನ್ನು ಯಾರೂ ದಾಟಬಾರದು, 'ಒಂದೇ ಸೆಕೆಂಡ್' ಎಂದರೂ ಬಿಡಬೇಡಿ. ಹಗ್ಗವನ್ನು ಮರಕ್ಕೆ ಸುತ್ತಿ ಅದರ ಕೊಕ್ಕೆಯನ್ನು ಅದಕ್ಕೇ ಸಿಕ್ಕಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಅದು ಹಗ್ಗವನ್ನೂ ಕೊಲ್ಲುತ್ತದೆ, ಮರವನ್ನೂ ಕೊಲ್ಲುತ್ತದೆ. ತೊಗಟೆಯ ಕೆಳಗಿನ ತೆಳು ಹಸಿ ಪದರ ಸುತ್ತಲೂ ಕೊಯ್ದುಹೋದರೆ ಮರ ನಿಂತಲ್ಲೇ ಒಣಗುತ್ತದೆ. ಮೂರು ಇಂಚು ಅಗಲದ ಬೆಲ್ಟು ಸುತ್ತಿ, ಅದರ ಎರಡು ಕುಣಿಕೆಗಳನ್ನು ಕೊಂಡಿಗೆ ಸೇರಿಸಿ, ಆ ಕೊಂಡಿಗೆ ಹಗ್ಗ ಸಿಕ್ಕಿಸಬೇಕು, ಆದಷ್ಟು ಬುಡಕ್ಕೆ. ತೋಟದಲ್ಲಿ ಕೈಗೆ ಮೊದಲು ಸಿಗುವುದು ಸಿಲ್ವರ್ ಓಕ್. ಮೆಣಸಿನ ಬಳ್ಳಿ ಹಬ್ಬಿದ ಆ ಮರವನ್ನು ನಾನು ನಂಬುವುದಿಲ್ಲ, ಗಾಳಿಮಳೆಗೇ ಮುರಿಯುವ ಮೆದು ಮರ ಅದು. ಹಲಸು, ಹೊನ್ನೆ, ಮತ್ತಿ ಹುಡುಕಿ. ಒಂದೇ ಮರದ ಮೇಲೆ ಅನುಮಾನವಿದ್ದರೆ ಎರಡಕ್ಕೆ ಹಂಚಿ.

ಕೊಂಡಿಗಳ ಮೇಲೆ ಅಚ್ಚೊತ್ತಿದ ಅಂಕಿ ಓದಿ. ಮುಕ್ಕಾಲು ಇಂಚಿನ ಒಳ್ಳೆಯ ಡಿ-ಶ್ಯಾಕಲ್ಲಿನ ಮೇಲೆ 4.75 ಟನ್ ಎಂದಿರುತ್ತದೆ. ಅದು ದಿನವೂ ಹೊರಬಹುದಾದ ಭಾರ, ಮುರಿಯುವ ಮಿತಿ ಅದರ ಹಲವು ಪಟ್ಟು. ವಿಂಚಿನ ಮೇಲಿನ ಅಂಕಿ ಹಾಗಲ್ಲ, ಅದು ಎಳೆಯಬಲ್ಲ ತುತ್ತತುದಿ. ಏನೂ ಅಚ್ಚಿಲ್ಲದ ಕೊಂಡಿ ಎಷ್ಟೇ ದಪ್ಪವಿರಲಿ, ಅದನ್ನು ಗೇಟಿಗೆ ಹಾಕಿ. ವಿಂಚನ್ನು ಹಿಡಿದಿಡುವ ನಾಲ್ಕು ಬೋಲ್ಟುಗಳ ತಲೆಯ ಮೇಲೂ 8.8 ಎಂಬ ಅಚ್ಚು ಕಾಣಬೇಕು. 8,000ದಿಂದ 12,000 ಪೌಂಡಿನವರೆಗಿನ ಹೆಚ್ಚಿನ ವಿಂಚುಗಳ ಬೋಲ್ಟಿನ ತೂತುಗಳು ಹತ್ತು ಇಂಚು ಉದ್ದ, ನಾಲ್ಕೂವರೆ ಇಂಚು ಅಗಲದ ಒಂದೇ ಅಳತೆಯವು. ಪ್ಲೇಟು ಒಮ್ಮೆ ಸರಿಯಾಗಿ ಮಾಡಿಸಿದರೆ ನಾಳೆ ಬೇರೆ ವಿಂಚೂ ಅದರ ಮೇಲೆ ಕೂರುತ್ತದೆ. ಆ ಪ್ಲೇಟು ಚಾಸಿಗೆ ಸೇರಬೇಕು, ಬಂಪರಿಗಲ್ಲ.

ಬಂಪರಿನ ವಿಷಯದಲ್ಲಿ ಕಾನೂನನ್ನೂ ನೋಡಬೇಕು. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಬುಲ್ ಬಾರ್, ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ವಾಹನದ ಮೂಲ ರೂಪ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ. ಕಾರಣವೂ ನ್ಯಾಯವಾದದ್ದೇ. ಮುಂದಿನ ಕಬ್ಬಿಣ ದಾರಿಹೋಕನಿಗೆ ಅಪಾಯ, ಏರ್‌ಬ್ಯಾಗಿನ ಕೆಲಸಕ್ಕೂ ಅಡ್ಡಿ. ಕಂಪನಿಯ ಬಂಪರಿನ ಹಿಂದೆ ಅಡಗಿ ಕೂರುವ ಪ್ಲೇಟುಗಳು ಈಗ ಕೆಲವು ವಾಹನಗಳಿಗೆ ಸಿಗುತ್ತವೆ. ಹಾಕಿಸುವ ಮುಂಚೆ ನಿಮ್ಮ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ. ವಿಮೆಯವರನ್ನೂ ಕೇಳಿ.

ಇಷ್ಟು ಹೇಳಿದ ಮೇಲೆ ಒಂದು ಮಾತು ತಡೆಯಲಾರೆ: ನಿಮಗೆ ನಿಜವಾಗಿ ವಿದ್ಯುತ್ ವಿಂಚು ಬೇಕೇ? ಗೋವಾದಲ್ಲಿ 2014ರಲ್ಲಿ ಶುರುವಾದ ರೇನ್‌ಫಾರೆಸ್ಟ್ ಚಾಲೆಂಜಿನಂಥ ಸ್ಪರ್ಧೆಗೆ ಹೋಗುವವರಿಗೆ ಬೇಕು, ಅಲ್ಲಿ ವೇಗವೇ ಅಂಕ. ಅವರ ವಿಂಚಿನ ಲೆಕ್ಕವೇ ಬೇರೆ, ಅದು ಅಗ್ಗದ ಮಾತಲ್ಲ. ವರ್ಷಕ್ಕೆ ಎರಡು ಮೂರು ಸಲ ತೋಟದೊಳಗೆ ಹೂಳುವ ಜೀಪಿಗೆ ಟಿರ್ಫರ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮರದ ಕೆಲಸದವರ ಬಾಯಲ್ಲಿ ಅದು 'ಟ್ರೈಫರ್' ಆಗಿದೆ. ಅದರೊಳಗೆ ಎರಡು ಜೊತೆ ದವಡೆಗಳಿವೆ. ಒಂದು ಹಗ್ಗ ಕಚ್ಚಿ ಎಳೆಯುವಾಗ ಇನ್ನೊಂದು ಮುಂದೆ ಸರಿದು ಕಚ್ಚುತ್ತದೆ, ಬಾವಿಯಿಂದ ಕೊಡ ಸೇದುವಾಗ ನಮ್ಮ ಎರಡು ಕೈ ಮಾಡುವ ಕೆಲಸವೇ. ಡ್ರಮ್ಮಿಲ್ಲ, ಪದರವಿಲ್ಲ, ಆದ್ದರಿಂದ ಬಲ ಇಳಿಯುವ ಮಾತೂ ಇಲ್ಲ. 1.6 ಟನ್, 3.2 ಟನ್ ಎಂಬ ಅಳತೆಗಳಲ್ಲಿ ಬರುತ್ತದೆ. ಬ್ಯಾಟರಿ ಬೇಡ. ಮುಂದಕ್ಕೂ ಹಿಂದಕ್ಕೂ ಪಕ್ಕಕ್ಕೂ ಎಳೆಯಬಹುದು, ದಾರಿಗೆ ಬಿದ್ದ ಮರವನ್ನೂ ಸರಿಸಬಹುದು. ಲಿವರ್ ಒಮ್ಮೆ ಆಡಿಸಿದರೆ ಕೆಲವೇ ಸೆಂಟಿಮೀಟರ್ ಬರುತ್ತದೆ, ಬೆವರು ಇಳಿಯುತ್ತದೆ, ಅಷ್ಟೇ ಅದರ ಕೊರತೆ. ವಿಂಚಾಗಲಿ ಟಿರ್ಫರ್ ಆಗಲಿ, ಹೊರಗೆ ತೆಗೆಯುವ ಮುಂಚೆ ಟೈರಿನ ಗಾಳಿ ಇಳಿಸಿ, ಚಕ್ರದ ಮುಂದಿನ ಮಣ್ಣನ್ನು ಗುದ್ದಲಿಯಿಂದ ತೆಗೆದು ಕಲ್ಲು ಹಾಕಿ ನೋಡಬೇಕು. ಹತ್ತು ನಿಮಿಷ ಗುದ್ದಲಿ ಹಿಡಿದರೆ ಹಗ್ಗದ ಮೇಲಿನ ಒಂದು ಟನ್ ಕಡಿಮೆಯಾದೀತು.

ವಿದ್ಯುತ್ ವಿಂಚೇ ಬೇಕೆಂದರೆ ನನ್ನ ಲೆಕ್ಕ ಹೀಗೆ. 9,500 ಪೌಂಡಿನ ಚೀನೀ ತಯಾರಿಕೆಯ ವಿಂಚು ಈಗ ನಮ್ಮಲ್ಲಿ 35,000ದಿಂದ 50,000 ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಹೆಸರಾಂತ ಅಮೆರಿಕನ್ ವಿಂಚಿಗೆ ಲಕ್ಷ ದಾಟುತ್ತದೆ. ಕೈಯಲ್ಲಿ 60,000 ಇದ್ದರೆ 60,000ದ ವಿಂಚು ಕೊಳ್ಳಬೇಡಿ. 40,000ದೊಳಗೆ ಸೀರೀಸ್ ವೌಂಡ್ ಮೋಟಾರಿನ, ಮುಚ್ಚಿದ ಕಾಂಟ್ಯಾಕ್ಟರಿನ, ಬಿಡಿಭಾಗ ಸಿಗುವ ವಿಂಚು ನೋಡಿ. ಉಳಿದದ್ದು ರಾಟೆ, ಎರಡು ಶ್ಯಾಕಲ್, ಮರದ ಬೆಲ್ಟು, ದಪ್ಪ ಕೇಬಲ್, ಐಸೊಲೇಟರ್, ಚರ್ಮದ ಕೈಗವಸು, ಪ್ಲೇಟಿಗೆ. ಜಿಮ್ನಿ, ಜಿಪ್ಸಿಯವರು 12,000ದ ಕಡೆ ತಿರುಗಿಯೂ ನೋಡಬೇಡಿ. 8,000 ಪೌಂಡಿನದು ಸಿಕ್ಕರೆ ಅದೇ ಸಾಕು, ಮೂಗು ಹಗುರವಿರುತ್ತದೆ. ಸೆಕೆಂಡ್ ಹ್ಯಾಂಡ್ ಆದರೆ ಖಾಲಿ ತಿರುಗಿಸಿ ಸದ್ದು ಕೇಳಿ ದುಡ್ಡು ಕೊಡಬೇಡಿ. ಏರಿನಲ್ಲಿ ಜೀಪು ನಿಲ್ಲಿಸಿ ಅದರದೇ ತೂಕ ಎಳೆಸಿ, ನಡುವೆ ಗುಂಡಿ ಬಿಟ್ಟು ಬ್ರೇಕು ಹಿಡಿಯುತ್ತದೆಯೇ ನೋಡಿ, ಗೇರಿನ ಸೀಲಿನಿಂದ ಗ್ರೀಸು ಒಸರುತ್ತಿದೆಯೇ ನೋಡಿ.

ಈಗಾಗಲೇ ವಿಂಚು ಇರುವವರಿಗೆ ಖರ್ಚಿಲ್ಲದ ಒಂದು ಕೆಲಸವಿದೆ. ಮೇ ತಿಂಗಳ ಒಂದು ಭಾನುವಾರ, ಮಳೆ ಹಿಡಿಯುವ ಮುಂಚೆ, ಹಗ್ಗವನ್ನು ಡ್ರಮ್ಮಿನಲ್ಲಿ ಹತ್ತು ಸುತ್ತು ಉಳಿಯುವಷ್ಟು ಹೊರಗೆಳೆಯಿರಿ. ಗಟ್ಟಿ ಮರಕ್ಕೆ ಬೆಲ್ಟು ಸುತ್ತಿ, ಸಣ್ಣ ಏರಿನಲ್ಲಿ ಜೀಪನ್ನು ಅದರದೇ ಬಲದಿಂದ ಮೇಲೆ ಎಳೆಸಿ. ಹಗ್ಗ ಭಾರದಲ್ಲಿ ಒಂದರ ಪಕ್ಕ ಒಂದು ಬಿಗಿಯಾಗಿ ಸುತ್ತಿಕೊಳ್ಳುತ್ತದೆ, ಸೊಲೆನಾಯ್ಡಿನ ಕಿಲುಬು ಇದ್ದರೆ ಅಂಗಳದಲ್ಲೇ ತಿಳಿಯುತ್ತದೆ. ನಮ್ಮ ತೋಟದಲ್ಲಿ ಈ ವರ್ಷದ ಈ ಕೆಲಸಕ್ಕೆ ಹಿಡಿದದ್ದು ಇಪ್ಪತ್ತೈದು ನಿಮಿಷ.